ಮುಚ್ಚಳದೊಳಗಿನ ಕೆಂಡ

ಕಳೆದ ಬೇಸಿಗೆ ರಜೆಯಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಹೊರವಲಯದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ನಾನು ಹೋದ ಮೂರನೆಯ ದಿನವೇ ಆ ಮನೆಗೆ ಇನ್ನೊಬ್ಬ ಅತಿಥಿಯ ಆಗಮನವಾಯಿತು. ದಪ್ಪ ರಟ್ಟಿನ ಪೆಟ್ಟಿಗೆ. ನೋಡಲು ಚಿಕ್ಕದಾದರೂ ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಬಿಚ್ಚಿದರೆ ಒಳಗೆ ಕಪ್ಪು ಮೆರುಗಿನ ಒಂದು ಮಣ್ಣಿನ ಪಾತ್ರೆ. ನಮ್ಮ ಕಡೆಯ ಗುಡಾಣವನ್ನು ಕುಗ್ಗಿಸಿ, ನಡುವಿಗೆ ಸರಿಯಾಗಿ ಕತ್ತರಿಸಿ, ಮೇಲಿನ ಅರ್ಧಕ್ಕೆ ಬಿಜಾಗರಿ ಹಾಕಿದರೆ ಹೇಗಿರುತ್ತದೋ ಹಾಗೆ. ಗೋಡೆ ಹೆಬ್ಬೆರಳಿನಷ್ಟು ದಪ್ಪ. ಕೆಳಗೊಂದು ಜಾರುವ ಗಾಳಿಕಿಂಡಿ, ನೆತ್ತಿಯಲ್ಲೊಂದು ತಿರುಗಿಸುವ ಗಾಳಿಕಿಂಡಿ. ಒಳಗೆ ಇದ್ದಿಲು ತುಂಬಲು ಒಂದು ಕುಳಿ, ಅದರ ಮೇಲೆ ಕಬ್ಬಿಣದ ಜಾಲರಿ. ಮುಚ್ಚಳದ ಮೇಲೆ ಗಡಿಯಾರದಂತಹ ಉಷ್ಣತಾಮಾಪಕ.

“ಇದು ಸೆರಾಮಿಕ್ ಗ್ರಿಲ್ ಅಣ್ಣ, ಇದ್ದಿಲಿನದು. ನೀನು ಬರ್ತೀಯ ಅಂತಲೇ ತರಿಸಿದೆ,” ಎಂದ ತಮ್ಮ.

“ಇದು ಅಗ್ಗಿಷ್ಟಿಕೆ ಕಣೋ. ಮುಚ್ಚಳ ಹಾಕಿದ್ದಾರೆ ಅಷ್ಟೇ,” ಎಂದೆ. ಬೆಲೆ ಎಷ್ಟೆಂದು ಕೇಳಿದೆ. ಅವನು ಮಾತು ಬದಲಾಯಿಸಿದ. ತಯಾರಕರ ಹೆಸರು ಇಲ್ಲಿ ಬೇಡ.

ಈ ಮಾದರಿಯ ಒಲೆಗೆ ಕಮಾಡೊ ಎಂದು ಹೆಸರು. ಜಪಾನೀ ಭಾಷೆಯಲ್ಲಿ ಕಮಾಡೊ ಎಂದರೆ ಒಲೆ. ಅಲ್ಲಿ ಅನ್ನ ಬೇಯಿಸಲು ಬಳಸುತ್ತಿದ್ದ ದುಂಡನೆಯ ಮಣ್ಣಿನ ಒಲೆಯನ್ನು ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರು ಕಂಡು, ಮೆಚ್ಚಿ, ಊರಿಗೆ ಹೊತ್ತು ತಂದರು. ಅದು ದೊಡ್ಡ ವ್ಯಾಪಾರವಾದದ್ದು ಇದೇ ಅಟ್ಲಾಂಟಾದಲ್ಲಿ. ಎಡ್ ಫಿಷರ್ ಎಂಬಾತ 1974ರಲ್ಲಿ ಇಲ್ಲಿ ಬಿಗ್ ಗ್ರೀನ್ ಎಗ್ ಎಂಬ ಕಂಪನಿಯನ್ನು ಆರಂಭಿಸಿದ. ಮೊದಮೊದಲ ಜೇಡಿಮಣ್ಣಿನ ಒಲೆಗಳು ಕಾದು ಆರಿ, ಕಾದು ಆರಿ ಬಿರುಕು ಬಿಡುತ್ತಿದ್ದವು. ಆಮೇಲೆ ಹೆಚ್ಚು ಶಾಖ ತಾಳುವ ಸೆರಾಮಿಕ್ ಬಂತು. ಕಾಕತಾಳೀಯವೆನ್ನಿ, ಅದೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಘಟಕವನ್ನು ಕಟ್ಟಿದರು. ಅಲ್ಲಿಂದ ಮುಂದೆ ನಮ್ಮ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆಯನ್ನು ಹಿರಿಯ ಓದುಗರು ಮರೆತಿರಲಾರರು. ಅವರದು ಮಾಂಸ ಸುಡುವ ಖುಷಿಗೆ, ನಮ್ಮದು ಸೌದೆಯನ್ನೂ ಹೆಂಗಸರ ಕಣ್ಣನ್ನೂ ಉಳಿಸುವುದಕ್ಕೆ. ಆದರೆ ಎರಡೂ ಒಲೆಗಳ ಒಳಗುಟ್ಟು ಒಂದೇ: ಉರಿಗೆ ಎಷ್ಟು ಗಾಳಿ ಬೇಕೋ ಅಷ್ಟನ್ನೇ ಕೊಡುವುದು.

ಆ ಗುಟ್ಟು ತಮ್ಮನಿಗೆ ತಿಳಿದಿರಲಿಲ್ಲ. ಮೊದಲ ದಿನ ನನಗೂ ಹೊಳೆಯಲಿಲ್ಲ.

ಸಂಜೆ ಹಿತ್ತಲಿನಲ್ಲಿ ಶುಭಾರಂಭ. ಕುಳಿಯ ತುಂಬ ಇದ್ದಿಲು ಸುರಿದು, ಬೆಂಕಿ ತಗುಲಿಸಿ, ಎರಡೂ ಕಿಂಡಿಗಳನ್ನು ಪೂರ್ತಿ ತೆರೆದು, ಮುಚ್ಚಳ ಹಾಕಿ, ಮೆಕ್ಕೆಜೋಳದ ತೆನೆ ಸುಲಿಯಲು ನಾವಿಬ್ಬರೂ ಒಳಗೆ ಹೋದೆವು. ಊರಿನ ಸುದ್ದಿ, ಜಮೀನಿನ ಸುದ್ದಿ ಎನ್ನುತ್ತಾ ಅರ್ಧ ಗಂಟೆ ಕಳೆದದ್ದು ಗೊತ್ತಾಗಲಿಲ್ಲ. ಹೊರಗೆ ಬಂದು ನೋಡಿದರೆ ಮಾಪಕದ ಮುಳ್ಳು 600 ಡಿಗ್ರಿ ದಾಟಿತ್ತು. ಅದು ಫ್ಯಾರನ್‌ಹೀಟ್; ನಮ್ಮ ಲೆಕ್ಕದಲ್ಲಿ 315 ಡಿಗ್ರಿ ಸೆಲ್ಸಿಯಸ್. ಜೊತೆಗೆ ಬಂದ ಪುಸ್ತಿಕೆಯಲ್ಲಿ ಮೊದಲ ಕೆಲವು ಸಲ 350 ಫ್ಯಾರನ್‌ಹೀಟ್, ಅಂದರೆ ಸುಮಾರು 177 ಸೆಲ್ಸಿಯಸ್ ದಾಟಕೂಡದೆಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಪುಸ್ತಿಕೆಯನ್ನು ನಾವು ಓದಿದ್ದು ಮರುದಿನ.

ತಮ್ಮ ಗಾಬರಿಯಿಂದ ಎರಡೂ ಕಿಂಡಿಗಳನ್ನು ಬಿಗಿಯಾಗಿ ಮುಚ್ಚಿದ. ಐದು ನಿಮಿಷ ಕಾದ. ತಣ್ಣಗಾಗಿರಬಹುದೆಂದು ಮುಚ್ಚಳವನ್ನು ಒಂದೇ ಸಲಕ್ಕೆ ಎತ್ತಿದ. ‘ಭುಸ್’ ಎಂದು ಜ್ವಾಲೆಯೊಂದು ಮೇಲೆದ್ದು ಅವನ ಮುಂಗೈಯನ್ನು ಸವರಿಕೊಂಡು ಹೋಯಿತು. ಪುಣ್ಯಕ್ಕೆ ಕೂದಲು ಸುಟ್ಟ ವಾಸನೆಯಷ್ಟೇ. ಚರ್ಮಕ್ಕೆ ಏನೂ ಆಗಲಿಲ್ಲ. ಮುಖ ಬಗ್ಗಿಸಿದ್ದಿದ್ದರೆ ಹುಬ್ಬು ಹೋಗುತ್ತಿತ್ತು, ಕಣ್ಣಿನ ಮಾತು ಆಡುವುದೇ ಬೇಡ. ಮೆಕ್ಕೆಜೋಳವನ್ನು ಆ ರಾತ್ರಿ ಕುಕ್ಕರಿನಲ್ಲಿ ಬೇಯಿಸಿಕೊಂಡೆವು.

ಆಗಿದ್ದೇನು? ನಾವು ಊದುಗೊಳವೆಯ ಜನ. ನಮ್ಮ ಅಡುಗೆಮನೆಯ ತೊಂದರೆ ಯಾವಾಗಲೂ ಉರಿ ಸಾಲದು ಎನ್ನುವುದು. ಹಸಿ ಸೌದೆ, ಮಳೆಗಾಲ, ಊದಬೇಕು, ಬೀಸಬೇಕು. ಅಕ್ಕಸಾಲಿಗನೂ ಊದುತ್ತಾನೆ, ಕಮ್ಮಾರನೂ ತಿದಿ ಒತ್ತುತ್ತಾನೆ. ಇಸ್ತ್ರಿಯವನು ಬೀದಿಯಲ್ಲಿ ನಿಂತು ಪೆಟ್ಟಿಗೆಯನ್ನು ಗಾಳಿಗೆ ಹಿಡಿಯುತ್ತಾನೆ. ಈ ಒಲೆಯ ತೊಂದರೆ ಅದಕ್ಕೆ ತದ್ವಿರುದ್ಧ. ಕಾದ ಗಾಳಿ ಹಗುರವಾಗಿ ನೆತ್ತಿಯ ಕಿಂಡಿಯಿಂದ ಹೊರಟರೆ, ಆ ಜಾಗ ತುಂಬಲು ಕೆಳಗಿನ ಕಿಂಡಿಯಿಂದ ಹೊಸ ಗಾಳಿ ತಾನಾಗಿ ನುಗ್ಗುತ್ತದೆ. ಇದು ಹೊಗೆಗೂಡಿನ ತತ್ವ. ಉರಿ ಹೆಚ್ಚಿದಷ್ಟೂ ಗಾಳಿಯ ಸೆಳೆತ ಹೆಚ್ಚು, ಸೆಳೆತ ಹೆಚ್ಚಿದಷ್ಟೂ ಉರಿ ಹೆಚ್ಚು. ಇಲ್ಲಿ ಊದುವವರು ಬೇಕಿಲ್ಲ, ತಡೆಯುವವರು ಬೇಕು. ಅದರಲ್ಲೂ ಒಲೆ ಚಿಕ್ಕದಾದಷ್ಟೂ ಬೇಗ ಕಾಯುತ್ತದೆ. ದೊಡ್ಡ ಹಂಡೆಗೂ ಚೊಂಬಿಗೂ ಇರುವ ವ್ಯತ್ಯಾಸವೇ ಇದು.

ಇನ್ನು ಆ ‘ಭುಸ್’. ಇದ್ದಿಲೆಂದರೆ ಬಹುಪಾಲು ಇಂಗಾಲ. ಸಾಕಷ್ಟು ಗಾಳಿ ಸಿಕ್ಕರೆ ಅದು ಆಮ್ಲಜನಕದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಡೈಆಕ್ಸೈಡ್ ಮೇಲಿನ ಕೆಂಡಗಳ ನಡುವೆ ಹಾದುಹೋಗುವಾಗ ಮತ್ತಷ್ಟು ಇಂಗಾಲವನ್ನು ಸೇರಿಸಿಕೊಂಡು ಇಂಗಾಲದ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ಮಾನಾಕ್ಸೈಡ್ ಸ್ವತಃ ಉರಿಯುವ ಅನಿಲ. ನಿಗಿನಿಗಿ ಕೆಂಡದ ಮೇಲೆ ಕುಣಿಯುವ ತೆಳು ನೀಲಿ ಜ್ವಾಲೆಯನ್ನು ನೀವು ನೋಡಿರಬಹುದು; ಅದು ಈ ಅನಿಲವೇ ಉರಿಯುತ್ತಿರುವುದು. ಗಾಳಿ ಕಡಿಮೆ ಮಾಡಿದರೆ ಈ ಅನಿಲ ಉರಿಯದೆ ಒಳಗೇ ತುಂಬಿಕೊಳ್ಳುತ್ತದೆ. ಆಗ ಫಕ್ಕನೆ ಮುಚ್ಚಳ ತೆರೆದರೆ ಹೊರಗಿನ ಆಮ್ಲಜನಕ ಒಮ್ಮೆಲೇ ಒಳನುಗ್ಗಿ, ತುಂಬಿಕೊಂಡದ್ದೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಹೀಗಾಗದಿರಲು ಮುಚ್ಚಳವನ್ನು ಮೊದಲು ಮೂರು ಬೆರಳಿನಷ್ಟು ಮಾತ್ರ ಎತ್ತಿ, ಮುಖ ದೂರವಿಟ್ಟುಕೊಂಡು ಒಂದೆರಡು ಉಸಿರಿನಷ್ಟು ಹೊತ್ತು ತಡೆದು, ಆಮೇಲೆ ಪೂರ್ತಿ ತೆರೆಯಬೇಕು. ಈ ಮಾನಾಕ್ಸೈಡನ್ನು ನೆನಪಿನಲ್ಲಿಡಿ, ಅದರ ವಿಷಯ ಇನ್ನೂ ಇದೆ.

ಮರುದಿನ ಅಧಿಕಾರ ನನ್ನ ಕೈಗೆ ಬಂತು. ತಮ್ಮನ ಮಗಳಿಗೆ ಹನ್ನೊಂದು ವರ್ಷ. ಅವಳ ಕೈಗೊಂದು ನೋಟು ಪುಸ್ತಕ ಕೊಟ್ಟು ಐದೈದು ನಿಮಿಷಕ್ಕೆ ಉಷ್ಣತೆ ಬರೆಯುವ ಕೆಲಸ ಹಚ್ಚಿದೆ. “ರಜೆಯಲ್ಲೂ ಪ್ರಾಕ್ಟಿಕಲ್ಲಾ ದೊಡ್ಡಪ್ಪ?” ಎಂದಳು. ಹೌದು ಎಂದೆ.

ಈ ಸಲ ಕುಳಿಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಇದ್ದಿಲು. ದಪ್ಪ ತುಂಡುಗಳು ಅಡಿಗೆ, ಸಣ್ಣವು ಮೇಲಕ್ಕೆ, ಗಾಳಿಯ ತೂತುಗಳು ಕಟ್ಟಿಕೊಳ್ಳದಂತೆ. ಪುಡಿಯಿಂದ ಒತ್ತಿ ಮಾಡಿದ ಇದ್ದಿಲ ಬಿಲ್ಲೆಗಳೂ ಅಂಗಡಿಯಲ್ಲಿ ಸಿಗುತ್ತವೆ. ಅವು ಬೂದಿ ಹೆಚ್ಚು ಬಿಟ್ಟು ಆ ತೂತುಗಳನ್ನು ಮುಚ್ಚುವುದರಿಂದ ಈ ಒಲೆಗೆ ಸಲ್ಲ. ಸೌದೆಯನ್ನು ಹಾಗೇ ಸುಟ್ಟು ಮಾಡಿದ ಗಟ್ಟಿ ಇದ್ದಿಲೇ ಬೇಕು. ಸೀಮೆಎಣ್ಣೆಯಂತಹ ದ್ರವ ಸುರಿದು ಹೊತ್ತಿಸುವ ಅಭ್ಯಾಸ ಇಲ್ಲಿ ಪೂರ್ತಿ ವರ್ಜ್ಯ. ಒಳಗಿನ ಸೆರಾಮಿಕ್‌ಗೆ ಮೆರುಗಿಲ್ಲ, ಅದು ಸೂಕ್ಷ್ಮ ರಂಧ್ರಗಳ ವಸ್ತು. ಎಣ್ಣೆಯನ್ನು ಹೀರಿಕೊಂಡು ಎಷ್ಟೋ ಅಡುಗೆಗಳವರೆಗೆ ಅದೇ ವಾಸನೆ ಕೊಡುತ್ತದೆ. ಮೇಣ ಮತ್ತು ಮರದ ಹೊಟ್ಟಿನಿಂದ ಮಾಡಿದ ಒಂದು ಬಿಲ್ಲೆಯನ್ನು ಇದ್ದಿಲ ನಡುವೆ ಹುದುಗಿಸಿ ಕಡ್ಡಿ ಗೀರಿದೆವು. ಹತ್ತು ನಿಮಿಷ ಮುಚ್ಚಳ ತೆರೆದೇ ಇತ್ತು. ನಡುವಿನ ನಾಲ್ಕಾರು ತುಂಡು ಕೆಂಪಾದ ಮೇಲೆ ಮುಚ್ಚಿದೆವು. ಅಷ್ಟು ಸಾಕು, ಎಲ್ಲ ಇದ್ದಿಲೂ ಕೆಂಡವಾಗಲಿ ಎಂದು ಕಾಯುವುದೇ ತಪ್ಪು.

ಮುಳ್ಳು ಮೇಲೇರತೊಡಗಿತು. ನಮಗೆ ಬೇಕಾದದ್ದು 170 ಸೆಲ್ಸಿಯಸ್. 140ಕ್ಕೆ ಬಂದಾಗಲೇ ಕೆಳಗಿನ ಕಿಂಡಿಯನ್ನು ಎರಡು ಬೆರಳಿಗೆ ಇಳಿಸಿದೆ, ಮೇಲಿನದನ್ನು ಕಾಲುಭಾಗಕ್ಕೆ. ತಮ್ಮನಿಗೆ ಅವಸರ, “ಇನ್ನೂ ಆಗಿಲ್ಲವಲ್ಲ,” ಎಂದ. ಕಿಂಡಿ ಇಳಿಸಿದ ಮೇಲೂ ಮುಳ್ಳು ಏರುತ್ತಲೇ ಇತ್ತು; ಅದು ನಿಲ್ಲಲು ಹದಿನೈದು ನಿಮಿಷ ಹಿಡಿಯಿತು. ನಿಂತದ್ದು 172ಕ್ಕೆ. ಅದಾದ ಮೇಲೆ ಮುಕ್ಕಾಲು ಗಂಟೆಯವರೆಗೆ ನೋಟು ಪುಸ್ತಕದಲ್ಲಿ ಹೆಚ್ಚುಕಡಿಮೆ ಒಂದೇ ಸಂಖ್ಯೆ. ದಪ್ಪ ಸೆರಾಮಿಕ್ ಶಾಖವನ್ನು ನಿಧಾನವಾಗಿ ಹೀರುತ್ತದೆ, ನಿಧಾನವಾಗಿ ಬಿಡುತ್ತದೆ; ಹೊರಕ್ಕೆ ಹೋಗಗೊಡುವುದು ಕಡಿಮೆ. ಅದಕ್ಕೇ ಈ ಒಲೆಯಲ್ಲಿ ಏರಿಸುವುದು ಸುಲಭ, ಇಳಿಸುವುದು ಕಷ್ಟ. ಬೇಕಾದ ಉಷ್ಣತೆಗಿಂತ ಮೂವತ್ತು ಡಿಗ್ರಿ ಹಿಂದೆಯೇ ಕಿಂಡಿಗೆ ಕೈ ಹಾಕಬೇಕು. ಪದೇಪದೇ ಮುಚ್ಚಳ ಎತ್ತಿ ನೋಡುವ ಚಪಲವೂ ಬೇಡ. ಎತ್ತಿದಾಗ ಮುಳ್ಳು ಬೀಳುತ್ತದೆ, ಆದರೆ ಕೆಂಡಕ್ಕೆ ಧಾರಾಳ ಗಾಳಿ ಸಿಕ್ಕಿರುತ್ತದೆ. ಮುಚ್ಚಿದ ಮೇಲೆ ಮೊದಲಿಗಿಂತ ಮೇಲೇರುತ್ತದೆ.

ಮೊದಲ ಕೆಲವು ಅಡುಗೆಗಳನ್ನು ಮಂದ ಉರಿಯಲ್ಲಿ ಮಾಡಬೇಕೆಂಬ ನಿಯಮಕ್ಕೂ ಕಾರಣವಿದೆ. ಹೊಸ ಸೆರಾಮಿಕ್‌ನ ರಂಧ್ರಗಳಲ್ಲಿ ತೇವ ಇರಬಹುದು. ಅದು ನಿಧಾನವಾಗಿ ಹೊರಹೋಗಬೇಕು. ಮುಚ್ಚಳಕ್ಕೂ ತಳಕ್ಕೂ ನಡುವೆ ಅಂಟಿಸಿರುವ ಕಂಬಳಿಯಂತಹ ಪಟ್ಟಿಯ ಅಂಟು ಕೂರಬೇಕು. ಹೊಸ ಮಡಕೆಯನ್ನು ನಮ್ಮ ಅಜ್ಜಿಯರು ನೀರು, ಗಂಜಿ ಎಂದು ಹಂತಹಂತವಾಗಿ ಪಳಗಿಸುತ್ತಿರಲಿಲ್ಲವೇ? ನಮ್ಮ ಮೊದಲ ದಿನದ ಸಾಹಸದಲ್ಲಿ ಆ ಪಟ್ಟಿಯ ಒಂದು ಕಡೆ ಕಂದಿಹೋಗಿತ್ತು. ಸೆರಾಮಿಕ್ ಬಿರಿಯಲಿಲ್ಲ. ಕಾದಿರುವ ಒಲೆಗೆ ನೀರು ಚಿಮುಕಿಸಿ ಆರಿಸುವುದಂತೂ ಸಲ್ಲದು. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹುಯ್ದಂತೆ ಅದು. ಒಂದು ಭಾಗ ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಬಿರುಕು ಖಚಿತ.

ಎರಡು ಗುಂಡು ಬದನೆಕಾಯಿಗೆ ಎಣ್ಣೆ ಸವರಿ, ಅಲ್ಲಲ್ಲಿ ಚುಚ್ಚಿ ಜಾಲರಿಯ ಮೇಲಿಟ್ಟಿದ್ದೆವು. ಮುಕ್ಕಾಲು ಗಂಟೆಯ ನಂತರ ಅವು ಗಾಳಿ ಹೋದ ಚೆಂಡಿನಂತೆ ಕುಸಿದು ಕುಳಿತಿದ್ದವು. ತಿರುಳನ್ನು ಹಿಸುಕಿ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಗಟ್ಟಿ ಮೊಸರು ಬೆರೆಸಿ ನಾದಿನಿ ಬಜ್ಜಿ ಮಾಡಿದಳು. ಅದನ್ನು ವರ್ಣಿಸಲು ಹೊರಟರೆ ಈ ಅಂಕಣ ಪಾಕಶಾಸ್ತ್ರದ ಪುಟಕ್ಕೆ ಹೋಗಬೇಕಾಗುತ್ತದೆ. ಒಂದು ಮಾತು ಮಾತ್ರ: ಗ್ಯಾಸಿನ ಜ್ವಾಲೆಯಲ್ಲಿ ಸುಟ್ಟ ಬದನೆಗೆ ಆ ರುಚಿ ಬರುವುದಿಲ್ಲ.

ಹೀಗೆ ವಾರ ಕಳೆಯಿತು. ಗೆಣಸು, ಮೆಕ್ಕೆಜೋಳ, ದಪ್ಪಮೆಣಸಿನಕಾಯಿ, ಒಂದು ದಿನ ಅಕ್ಕಪಕ್ಕದವರಿಗಾಗಿ ಕೋಳಿ. ತಮ್ಮ ಕಿಂಡಿ ತಿರುಗಿಸುವುದರಲ್ಲಿ ಪಳಗಿದ. ಭಯ ಹೋಯಿತು. ಭಯ ಪೂರ್ತಿ ಹೋದದ್ದೇ ತೊಂದರೆಯಾಯಿತು.

ಮೇ ತಿಂಗಳ ಒಂದು ಸಂಜೆ ಅಡುಗೆಯ ನಡುವೆ ಗುಡುಗು ಮಳೆ ಹಿಡಿಯಿತು. ಕೆಳಗಿನ ಕಟ್ಟಿಗೆಯ ಹಿಡಿಗಳನ್ನು ಅಪ್ಪ ಮಗಳು ಇಬ್ಬರೂ ಹಿಡಿದು ಒಲೆಯನ್ನು ಗ್ಯಾರೇಜಿನೊಳಗೆ ತರಲು ಎತ್ತಿಯೇ ಬಿಟ್ಟರು. ಅಲ್ಲಿ ಗ್ಯಾರೇಜೆಂದರೆ ಮನೆಗೆ ಅಂಟಿಕೊಂಡ ಕೋಣೆ. ಒಂದು ಬಾಗಿಲು ನೇರ ಅಡುಗೆಮನೆಗೆ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಹೊಗೆಯೇ ಇಲ್ಲವಲ್ಲ ಅಣ್ಣ. ಎರಡೂ ಕಿಂಡಿ ಸಣ್ಣಗೆ ಮಾಡಿದ್ದೀನಿ. ಹತ್ತು ನಿಮಿಷ, ಶಟರ್ ಅರ್ಧ ತೆಗೆದಿರ್ತೀನಿ.”

“ಹೊಗೆ ಇದ್ದಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ನೀನೇ ಕೆಮ್ಮಿಕೊಂಡು ಹೊರಗೆ ಓಡುತ್ತಿದ್ದೆ. ಇಡು ಕೆಳಗೆ.”

ಅವನಿಗೆ ಸಿಟ್ಟು ಬಂತು. ಮಗಳೆದುರು ಗದರಿದ್ದು ತಪ್ಪೇ ಇರಬಹುದು. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ಅವನ ಗ್ಯಾರೇಜಲ್ಲ, ಮಲೆನಾಡಿನ ನಮ್ಮ ಅಜ್ಜನ ಮನೆಯ ಬಾಣಂತಿ ಕೋಣೆ.

ಆಗ ನನಗೆ ಎಂಟು ವರ್ಷ. ತಮ್ಮ ಇನ್ನೂ ಹುಟ್ಟಿರಲಿಲ್ಲ. ಆಷಾಢದ ಜಡಿಮಳೆಯಲ್ಲಿ ಚಿಕ್ಕಮ್ಮನಿಗೆ ಹೆರಿಗೆಯಾಗಿ ಹತ್ತು ದಿನ. ಬಾಣಂತಿಗೆ ಶೀತವಾಗಬಾರದೆಂದು ಕಿಟಕಿಯ ಸಂದಿಗೆಲ್ಲ ಗೋಣಿ ತುರುಕಿ, ಮಂಚದ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ ಇಡುತ್ತಿದ್ದರು. ಮಗುವಿನ ಕಣ್ಣಿಗೆ ಹೊಗೆ ತಾಗಬಾರದೆಂದು ಸೌದೆಯನ್ನು ಹೊರಗೇ ಚೆನ್ನಾಗಿ ಉರಿಸಿ, ಹೊಗೆ ಪೂರ್ತಿ ನಿಂತ ಮೇಲೆ ಕೆಂಡವನ್ನಷ್ಟೇ ಒಳಗೆ ತರುವುದು ಪದ್ಧತಿ. ಅಂದು ಬೂದಿ ಮುಚ್ಚಿದ ಹಾಗೆ ಕೆಂಡ ಮಂದವಾಗಿ ಇಡೀ ರಾತ್ರಿ ಇತ್ತು. ಬೆಳಗಿನ ಜಾವ ಅಮ್ಮ ಕಷಾಯ ಹಿಡಿದು ಹೋದಾಗ ಚಿಕ್ಕಮ್ಮ ಕೂಗಿದರೂ ಏಳಲಿಲ್ಲ. ಮಗು ಅಳುತ್ತಿರಲಿಲ್ಲ. ಅಮ್ಮ ಮಗುವನ್ನು ಎತ್ತಿಕೊಂಡು ಜಗಲಿಗೆ ಓಡಿದಳು. ಗಂಡಸರು ಚಿಕ್ಕಮ್ಮನನ್ನು ಚಾಪೆಯ ಸಮೇತ ಹೊತ್ತು ತಂದರು. ಮಳೆಯ ಗಾಳಿಗೆ ಚಿಕ್ಕಮ್ಮ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಎರಡು ದಿನ ತಲೆ ಸಿಡಿಯುತ್ತದೆಂದು ಅಳುತ್ತಿದ್ದಳು. ಮಗು ಉಳಿಯಲಿಲ್ಲ.

ದೃಷ್ಟಿಯಾಯಿತು ಎಂದರು. ಬಾಲಗ್ರಹ ಎಂದರು. ಬಾಣಂತಿ ಕೋಣೆಗೆ ಯಾರೋ ಮೈಲಿಗೆಯಲ್ಲಿ ಬಂದರು ಎಂದು ಮನೆಯ ಕೆಲಸದ ಹೆಂಗಸೊಬ್ಬಳನ್ನು ಬಿಡಿಸಿದರು. ಕಾಲೇಜಿನಲ್ಲಿ ರಸಾಯನವಿಜ್ಞಾನದ ಪಾಠ ಕೇಳುವಾಗ ಇಂಗಾಲದ ಮಾನಾಕ್ಸೈಡ್ ಎಂಬ ಒಂದು ಸಾಲು ಬಂತು: ಬಣ್ಣವಿಲ್ಲ, ವಾಸನೆಯಿಲ್ಲ, ವಿಷ. ಆ ಸಾಲಿನಾಚೆಗೆ ಅಂದು ನನಗೆ ಪಾಠ ಕೇಳಿಸಲಿಲ್ಲ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುತ್ತದೆಯಷ್ಟೆ. ಮಾನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಿಗಿಯಿಂದ ಅದೇ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟೆಲ್ಲ ಒಬ್ಬನೇ ಟವೆಲ್ ಹಾಕಿ ಹಿಡಿದಂತೆ. ಎದೆ ಉಸಿರಾಡುತ್ತಲೇ ಇರುತ್ತದೆ, ಮಿದುಳಿಗೆ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಜೊಂಪು. ಮಲಗಿದ್ದವರಿಗೆ ಈ ಮುನ್ಸೂಚನೆಯೂ ಇಲ್ಲ. ಇದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ ಆದ್ದರಿಂದ ಮೇಲೂ ನಿಲ್ಲುವುದಿಲ್ಲ, ಕೆಳಗೂ ಕೂರುವುದಿಲ್ಲ. ಕೋಣೆಯ ತುಂಬ ಬೆರೆಯುತ್ತದೆ. ಒಂದು ಕಿಟಕಿ ತೆರೆದಿದ್ದೇವೆ, ಶಟರ್ ಅರ್ಧ ಎತ್ತಿದ್ದೇವೆ ಎಂಬ ಧೈರ್ಯಕ್ಕೆ ಆಧಾರವಿಲ್ಲ. ಉತ್ತರ ಭಾರತದಲ್ಲಿ ಚಳಿಗಾಲ ಬಂತೆಂದರೆ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರು ಏಳಲಿಲ್ಲವೆಂಬ ಸುದ್ದಿಯನ್ನು ನಾವು ಪ್ರತಿವರ್ಷ ಓದುತ್ತೇವೆ. ಅಮೆರಿಕದಲ್ಲಿ ಇದ್ದಿಲ ಚೀಲದ ಮೇಲೆಯೇ, ಒಳಾಂಗಣದಲ್ಲಿ ಸುಟ್ಟರೆ ಸಾವು ಬರಬಹುದೆಂಬ ಎಚ್ಚರಿಕೆ ಅಚ್ಚಾಗಿರುತ್ತದೆ.

ಈ ಹೊಸ ಒಲೆಯ ವಿಚಾರದಲ್ಲಿ ಇನ್ನೂ ಒಂದು ಸಂಗತಿಯಿದೆ. ಕಿಂಡಿ ಸಣ್ಣದು ಮಾಡಿ ಗಾಳಿಯನ್ನು ಬಿಗಿಹಿಡಿಯುವುದೇ ಇದರ ಜಾಣತನ ಎಂದೆನಲ್ಲ, ಹಾಗೆ ಬಿಗಿಹಿಡಿದಾಗಲೇ ಹೊರಬರುವ ಅನಿಲದಲ್ಲಿ ಮಾನಾಕ್ಸೈಡಿನ ಪಾಲು ಹೆಚ್ಚುತ್ತದೆ. ಉರಿ ಕಾಣದು, ಹೊಗೆ ಕಾಣದು, ಹೊರಮೈ ಕೂಡ ಕಬ್ಬಿಣದ ಒಲೆಯಷ್ಟು ಸುಡದು. ಸಾಧು ಪ್ರಾಣಿಯಂತೆ ಮೂಲೆಯಲ್ಲಿ ಕುಳಿತಿರುತ್ತದೆ. ಕಿಂಡಿಗಳನ್ನು ಪೂರ್ತಿ ಮುಚ್ಚಿದ ಮೇಲೂ ಕೆಂಡ ತಕ್ಷಣ ಆರುವುದಿಲ್ಲ. ಗಂಟೆ ಹೊತ್ತು ಒಳಗೊಳಗೇ ಇರುತ್ತದೆ, ಸಂದಿನಿಂದ ಅನಿಲ ಜಿನುಗುತ್ತಿರುತ್ತದೆ. ಈಗ ಇಂಥ ಪುಟ್ಟ ಒಲೆಗಳು ನಮ್ಮಲ್ಲೂ ಮಾರಾಟಕ್ಕಿವೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬಾಲ್ಕನಿಗೆ ಗಾಜಿನ ಬಾಗಿಲು ಹಾಕಿಸಿ ಕೋಣೆ ಮಾಡಿಕೊಂಡವರು ಅಲ್ಲಿ ಇದನ್ನು ಹೊತ್ತಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಬೇಡ. ತಾರಸಿಗೆ ಹೋಗಿ, ಅಂಗಳಕ್ಕೆ ಹೋಗಿ. ಕೆಂಡದ ಬಳಿ ಇದ್ದವರಿಗೆ ತಲೆ ಸುತ್ತಿದರೆ ಮೊದಲು ಬಯಲಿಗೆ ಕರೆತಂದು, ಆಮೇಲೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಚಿಕ್ಕಮ್ಮನ ಕಥೆ ತಮ್ಮನಿಗೆ ಗೊತ್ತಿರಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ನಿಂತುಕೊಂಡೇ ಹೇಳಿದೆ. ಅವನು ಮಾತಾಡದೆ ಎರಡೂ ಕಿಂಡಿ ಮುಚ್ಚಿ, ಸೂರಿನಿಂದ ಆಚೆ ಕಲ್ಲುಹಾಸಿನ ಮೇಲೆ ಒಲೆಯನ್ನು ಬಿಟ್ಟು ಬಂದ. ಅರೆಬೆಂದ ಗೆಣಸನ್ನು ನಾದಿನಿ ಒಗ್ಗರಣೆ ಹಾಕಿ ಪಲ್ಯ ಮಾಡಿದಳು. ರಾತ್ರಿ ಹತ್ತಕ್ಕೆ ಮಳೆ ನಿಂತಿತ್ತು; ಮುಚ್ಚಳ ಮುಟ್ಟಿ ನೋಡಿದರೆ ಇನ್ನೂ ಬೆಚ್ಚಗಿತ್ತು. “ಈಗಲಾದರೂ ಒಳಗೆ ತರೋಣವಾ?” ಎಂದು ಈ ಸಲ ಅವನು ಕೇಳಿದ. ಬೆಳಗಾಗಲಿ ಎಂದೆ.

ಬೆಳಿಗ್ಗೆ ತೆರೆದಾಗ ಅರ್ಧಕ್ಕೂ ಹೆಚ್ಚು ಇದ್ದಿಲು ಕಪ್ಪಗೆ ಹಾಗೇ ಉಳಿದಿತ್ತು. ಗಾಳಿ ಸಿಗದೆ ಆರಿದ್ದು. ಕೆದಕಿ ಬೂದಿ ಉದುರಿಸಿದರೆ ಮತ್ತೊಂದು ಅಡುಗೆಗೆ ಸಾಕು. ಹುಡುಗಿ ಅದನ್ನೂ ನೋಟು ಪುಸ್ತಕದಲ್ಲಿ ಬರೆದುಕೊಂಡಳು.

ಅಂದು ಸಂಜೆ ಊರಿಗೆ ಫೋನು ಮಾಡಿ ಅಮ್ಮನಿಗೆ ಒಲೆಯ ವಿಷಯ ಹೇಳಿದೆವು. ಅಮ್ಮನಿಗೀಗ ಎಂಬತ್ತು ದಾಟಿದೆ.

“ಹೊರಗೇ ಇಟ್ಟಿದ್ದೀರಿ ತಾನೆ?” ಎಂದಳು ಮೊದಲು. ಹೌದು ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಬದನೆಕಾಯಿ ಸಿಪ್ಪೆ ಸಲೀಸಾಗಿ ಬಂತಾ?” ಎಂದು ಕೇಳಿದಳು.